ಮಾತು ಕೇಳಿಸಲಿ ಅಂತ ಗಿಟಾರ್ ತಗ್ಗಿಸಿದೆವು

ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದೇವಿಮನೆ ಘಟ್ಟ ಇಳಿಯುವಾಗ ನಮ್ಮದೇ ಹೊಸ ಹಾಡನ್ನು ಇಯರ್‌ಫೋನಿನಲ್ಲಿ ಕೇಳಿದೆ. ಕಡಲ್ಕೊರೆತಕ್ಕೆ ಅಂಗಳದ ತೆಂಗು ಒಂದೊಂದಾಗಿ ಹೋದ ಮನೆಯ ಹಾಡು ಅದು. ಬರೆದವನೂ ನಾನೇ, ಕೂಗಿದವನೂ ನಾನೇ. ಆದರೂ ಒಂದು ಸಾಲೂ ತಿಳಿಯಲಿಲ್ಲ. ತುಂಬ ಬೇಜಾರಾಯಿತು.

ನಮ್ಮದು ಕಾರವಾರದ ನಾಲ್ಕು ಜನರ ಇಂಡಸ್ಟ್ರಿಯಲ್ ಮೆಟಲ್ ಬ್ಯಾಂಡ್, ಅಂದರೆ ಅಬ್ಬರದ ಗಿಟಾರಿಗೆ ಯಂತ್ರದ ಸದ್ದು ಬೆರೆಸುವ ಸಂಗೀತ. ಡ್ರಮ್ಮರ್ ಬೋಟಿಗೆ ಹೋಗುವವನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೇ ನಮ್ಮ ಪ್ರಾಕ್ಟೀಸ್, ಬಲೆ ಇಡುವ ಶೆಡ್ಡಿನಲ್ಲಿ.

ನಾವು ಅಮೆರಿಕದ ಮೆಟಲ್ ಬ್ಯಾಂಡ್ ಫಿಯರ್ ಫ್ಯಾಕ್ಟರಿ ಕೇಳಿ ಬೆಳೆದವರು. ಅವರ 1995ರ 'ಡಿಮ್ಯಾನುಫ್ಯಾಕ್ಚರ್' ಆಲ್ಬಂನಲ್ಲಿ ಗಿಟಾರ್, ಕಾಲಿನಿಂದ ಬಡಿಯುವ ಕಿಕ್ ಡ್ರಮ್ ಎರಡೂ ಒಂದೇ ಯಂತ್ರದ ಹಾಗೆ ಬಡಿಯುತ್ತವೆ. ನಾವು ಕಲಿತಿದ್ದು ಅಷ್ಟೇ. ಅದರಲ್ಲೇ ಗಾಯಕ ಬರ್ಟನ್ ಬೆಲ್ ಅಬ್ಬರಿಸಿದ ಮೇಲೆ ತಿಳಿ ದನಿಯಲ್ಲಿ ಎಳೆದು ಹಾಡುತ್ತಾರಲ್ಲ, ಅದಕ್ಕೆ ಕಿವಿ ಕೊಟ್ಟಿರಲಿಲ್ಲ.

ಮಾತು ಕೇಳಿಸುವ ಹಾಗೆ ಹಾಡನ್ನು ಬದಲಿಸೋಣ ಅಂದೆ. "ಮೆತ್ತಗೆ ಮಾಡ್ತೀಯಾ ಮಾರಾಯಾ?" ಅಂದ ಡ್ರಮ್ಮರ್. ಮೆತ್ತಗೆ ಅಲ್ಲ, ಜಾಗ ಮಾಡೋಣ ಅಂದೆ. ಏಳು ತಂತಿಯ ಗಿಟಾರನ್ನು ಎ ಸ್ವರಕ್ಕೆ ಇಳಿಸಿದ್ದೆವು. ಅದು 55 ಹರ್ಟ್ಜ್, ಅಂದರೆ ಸೆಕೆಂಡಿಗೆ 55 ಕಂಪನ. ಕಿಕ್ ಡ್ರಮ್ಮಿನ ಗುದ್ದೂ ಅಲ್ಲೇ. ಎರಡೂ ಸೇರಿ ಕೆಸರಾಗಿತ್ತು. ಗಿಟಾರಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸ್ ಗಿಟಾರಿಗೆ ಬಿಟ್ಟೆವು. ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಅರ್ಧಕ್ಕೆ ಇಳಿಸಿದೆವು. ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 2ರಿಂದ 4 ಕಿಲೋಹರ್ಟ್ಜ್ ನಡುವೆ. ಅಲ್ಲೂ ಗಿಟಾರ್ ಸ್ವಲ್ಪ ತಗ್ಗಿತು.

ಹೆಚ್ಚು ಕಷ್ಟವಾಗಿದ್ದು ನನ್ನ ಗಂಟಲಿಗೆ. ಕೆರೆದು ಕೂಗಿದರೆ ಒತ್ತಕ್ಷರವೆಲ್ಲ ಒಳಗೇ ಉಳಿಯುತ್ತದೆ. ಆದರೆ ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ ಅಲ್ವಾ? ಎಳೆದು ಹಾಡಲು ಇನ್ನೇನು ಬೇಕು! ಚರಣ ಕೂಗಿದೆ, ಪಲ್ಲವಿ ಹಾಡಿದೆ. ಮೊದಲ ವಾರ ದನಿ ನಡುಗುತ್ತಿತ್ತು. ಕೂಗುವಾಗ ಇಲ್ಲದ ಭಯ ಹಾಡುವಾಗ ಬರುತ್ತದೆ, ಅಡಗಿಕೊಳ್ಳಲು ಏನೂ ಇರುವುದಿಲ್ಲ.

ವೇಗವನ್ನೂ ನಿಮಿಷಕ್ಕೆ 180 ಬಡಿತದಿಂದ 124ಕ್ಕೆ ತಂದೆವು. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಲೂಪ್ ಮಾಡಿದ್ದೆವು, ಅದನ್ನು ಮಾತ್ರ ಬಿಡಲಿಲ್ಲ. ಅದು ನಮ್ಮೂರಿನ ಸದ್ದು. ಈಗ ಹಾಡಿನ ಉದ್ದಕ್ಕೂ ಅದು ಓಡುತ್ತದೆ, ಪಲ್ಲವಿಗೆ ಮುಂಚೆ ಒಮ್ಮೆ ನಿಲ್ಲುತ್ತದೆ. ತೆಂಗಿನ ಸಾಲು ಶುರುವಾಗುವುದು ಅಲ್ಲಿಂದ.