ಪ್ರವಾದಿಯ ಅಧ್ಯಾಯ ಮೊದಲು, ಸುವಾರ್ತೆ ಆಮೇಲೆ: ನಾನು ಓದಿದ ಬಗೆ

ಭಾನುವಾರದ ಶಾಲೆಯ ಮಕ್ಕಳಿಗಾಗಿ ಕೆಲವು ವರ್ಷಗಳ ಹಿಂದೆ ನಾನೊಂದು ದೊಡ್ಡ ಪಟ್ಟಿ ಬರೆದಿದ್ದೆ. ಎಡಕ್ಕೆ ಹಳೆಯ ಒಡಂಬಡಿಕೆಯ ಪ್ರವಾದನೆ, ಬಲಕ್ಕೆ ಅದು ನೆರವೇರಿದ ಸುವಾರ್ತೆಯ ವಚನ, ನಡುವೆ ಕೆಂಪು ಬಾಣ. ಅದರಲ್ಲೊಂದು ಸಾಲು: ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು’ ಎಂಬ ಪ್ರವಾದಿ ಹೋಶೇಯನ ಮಾತು ಬಾಲ ಯೇಸುವಿನಲ್ಲಿ ನೆರವೇರಿತು ಎಂದು ಸುವಾರ್ತೆ ಬರೆದ ಮತ್ತಾಯ ಹೇಳುತ್ತಾನೆ. ಕ್ರಿಸ್ಮಸ್ ಹತ್ತಿರವಾದಾಗ ಒಬ್ಬ ಹುಡುಗಿ ಸತ್ಯವೇದ ತೆರೆದು ಹೋಶೇಯನ 11ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ಐಗುಪ್ತದಿಂದ ದೇವರು ಕರೆದ ಮಗ ಅಲ್ಲಿ ಇಸ್ರೇಲ್ ಜನಾಂಗ. ಹೋಶೇಯನು ನೆನೆಯುವುದು ಎಂದೋ ಆಗಿಹೋದ ಬಿಡುಗಡೆಯನ್ನು. ಎರಡನೆಯ ವಚನದಲ್ಲೇ ಆ ಜನ ಬಾಳ್ ದೇವತೆಗಳಿಗೆ ಬಲಿ ಕೊಡುತ್ತಾರೆ. “ಇದು ಯೇಸುವಿನ ಮಾತು ಹೇಗಾಗುತ್ತದೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ಪಟ್ಟಿಯನ್ನು ಗೋಡೆಯಿಂದ ಇಳಿಸಿದೆ.

ಮತ್ತಾಯನ ಉಲ್ಲೇಖಗಳನ್ನು ಒಂದೊಂದಾಗಿ ಹಿಡಿದು ಮೊದಲಿನಿಂದ ಓದತೊಡಗಿದೆ. ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ: ಪ್ರವಾದಿಯ ಆ ಅಧ್ಯಾಯವನ್ನೂ ಅದರ ಹಿಂದುಮುಂದಿನದನ್ನೂ ಓದಿ, ಯಾರು ಯಾರಿಗೆ ಯಾವ ಸಂಕಟದಲ್ಲಿ ಹೇಳಿದ್ದು ಎಂದು ಬರೆದಿಟ್ಟ ಮೇಲೆಯೇ ಸುವಾರ್ತೆಯನ್ನು ತೆರೆಯಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಯೆಶಾಯನ 7ನೆಯ ಅಧ್ಯಾಯ. ಕ್ರಿ.ಪೂ. 735ರ ಸುಮಾರಿಗೆ ಸಿರಿಯದ ಮತ್ತು ಉತ್ತರದ ಇಸ್ರೇಲಿನ ಅರಸರು ಒಂದಾಗಿ ಯೆರೂಸಲೇಮಿನ ಮೇಲೆ ಏರಿಬರುತ್ತಾರೆ. ಅಲ್ಲಿ ಆಳುತ್ತಿದ್ದ ಯೆಹೂದದ ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಮರದಂತೆ ಅಲುಗುತ್ತದೆ. ಅವನಿಗೆ ಕೊಟ್ಟ ಗುರುತೇ ಇಮ್ಮಾನುವೇಲ್ ಎಂಬ ಮಗು. ಅದಕ್ಕೆ ಒಳಿತು ಕೆಡುಕು ತಿಳಿಯುವಷ್ಟರಲ್ಲಿ ಆ ಇಬ್ಬರು ಅರಸರ ನಾಡು ಪಾಳುಬೀಳುತ್ತದೆ. ಹೀಬ್ರೂವಿನಲ್ಲಿ ತಾಯಿಗಿರುವ ಪದ ‘ಅಲ್ಮಾ’, ಅಂದರೆ ಯುವತಿ. ಕ್ರಿಸ್ತನಿಗಿಂತ ಮೊದಲೇ ಗ್ರೀಕಿಗೆ ಅನುವಾದಿಸಿದ ಯೆಹೂದ್ಯರು ‘ಪಾರ್ಥೆನೋಸ್’, ಅಂದರೆ ಕನ್ಯೆ, ಎಂದು ಬರೆದರು. ಯೇಸುವಿನ ಜನನವನ್ನು ಹೇಳುತ್ತಾ ಮತ್ತಾಯ ಈ ವಚನವನ್ನು ಉಲ್ಲೇಖಿಸುತ್ತಾನೆ; ಅವನ ಗ್ರೀಕ್ ಸುವಾರ್ತೆಯಲ್ಲಿರುವುದೂ ಆ ಪದವೇ.

ಮೊದಲು ಭಯವಾಯಿತು. ಗುರುತು ಆಹಾಜನದಾದರೆ ಮತ್ತಾಯನಿಗೆ ಉಳಿದದ್ದೇನು? ಮತ್ತಾಯನನ್ನು ಕೊನೆಯವರೆಗೆ ಓದಿದಾಗ ಕಂಡದ್ದು ಆ ಹೆಸರು. ‘ದೇವರು ನಮ್ಮ ಸಂಗಡ’ ಎಂಬ ಅರ್ಥವನ್ನು ಅವನು ಮೊದಲ ಅಧ್ಯಾಯದಲ್ಲಿ ಬಿಡಿಸಿ ಹೇಳುತ್ತಾನೆ. ಸುವಾರ್ತೆಯ ಕಟ್ಟಕಡೆಯ ವಚನದಲ್ಲಿ ಯೇಸು, ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆ ಎನ್ನುತ್ತಾನೆ. ನಡುಗುತ್ತಿದ್ದ ಅರಸನಿಗೆ ಸಿಕ್ಕ ಹೆಸರನ್ನು ಮತ್ತಾಯ ಇಡೀ ಸುವಾರ್ತೆಯ ಉದ್ದಕ್ಕೂ ಹಾಸಿದ್ದಾನೆ.

ಆಗ ಹೋಶೇಯನೂ ತೆರೆದುಕೊಂಡ. ಮತ್ತಾಯನ ಯೇಸು ಐಗುಪ್ತದಿಂದ ಬರುತ್ತಾನೆ, ನೀರಿಗಿಳಿಯುತ್ತಾನೆ, ಅರಣ್ಯದಲ್ಲಿ 40 ದಿನ ಹಸಿಯುತ್ತಾನೆ. ಇಸ್ರೇಲ್ ಐಗುಪ್ತ ಬಿಟ್ಟು, ಸಮುದ್ರ ದಾಟಿ, ಅರಣ್ಯದಲ್ಲಿ ಅಲೆದದ್ದು 40 ವರ್ಷ. ಅರಣ್ಯದಲ್ಲಿ ತನ್ನನ್ನು ಪರೀಕ್ಷಿಸುವ ಸೈತಾನನಿಗೆ ಯೇಸು ಕೊಡುವ ಮೂರೂ ಉತ್ತರಗಳು ಆ ಅಲೆದಾಟವನ್ನು ನೆನಪಿಸುವ ಧರ್ಮೋಪದೇಶಕಾಂಡದವು. ಮೊದಲ ಮಗ ಎಡವಿದ ದಾರಿಯಲ್ಲೇ ಈ ಮಗ ನಡೆಯುತ್ತಾನೆ. ಇದನ್ನು ತೋರಿಸಲು ನನ್ನ ಕೆಂಪು ಬಾಣಕ್ಕೆ ಆಗುತ್ತಿರಲಿಲ್ಲ.

ಇತರರಿಗಾಗಿ ನೋವುಂಡ ಸೇವಕನೊಬ್ಬನನ್ನು ಹೇಳುವ ಯೆಶಾಯ 53ಕ್ಕೆ ಬಂದಾಗ ಮಕ್ಕಳಿಗೆ ಎರಡೂ ಮಾತು ಹೇಳುತ್ತೇನೆ. ಆ ಸೇವಕ ಇಸ್ರೇಲ್ ಜನಾಂಗವೇ ಎಂದು 11ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಬರೆದಿದ್ದಾನೆ. ಯೆಶಾಯ 49ರಲ್ಲಿ ದೇವರು ಇಸ್ರೇಲನ್ನೇ ನನ್ನ ಸೇವಕ ಎಂದು ಕರೆದಿದ್ದಾನೆ. ನಾನು ಅಲ್ಲಿ ಯೇಸುವನ್ನು ಕಾಣುತ್ತೇನೆ. ಅದು ನನ್ನ ವಿಶ್ವಾಸ. ಯೆಹೂದ್ಯರನ್ನು ಸೋಲಿಸುವ ಸಾಕ್ಷ್ಯವೆಂದು ಅದನ್ನು ಎತ್ತಿಹಿಡಿಯುವುದನ್ನು ಬಿಟ್ಟಿದ್ದೇನೆ.

ಕಳೆದ ಕ್ರಿಸ್ಮಸ್ ಪಾಠಕ್ಕೆ ಮಗು ಯೇಸುವನ್ನು ಕೊಲ್ಲಲೆಂದು ಅರಸ ಹೆರೋದ ಮಾಡಿಸಿದ ಬೇತ್ಲೆಹೇಮಿನ ಕೂಸುಗಳ ಕೊಲೆಯನ್ನು ತೆಗೆದುಕೊಂಡೆ. ಮತ್ತಾಯ ಅಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಅಳುವ ರಾಹೇಲಳನ್ನು, ಇಸ್ರೇಲರ ಮೂಲತಾಯಿಯನ್ನು, ಕರೆತರುತ್ತಾನೆ; ಮಕ್ಕಳಿಲ್ಲವೆಂದು ಅವಳು ಸಮಾಧಾನವನ್ನೇ ಒಲ್ಲಳು. ಉಲ್ಲೇಖ ಅಲ್ಲಿಗೆ ನಿಲ್ಲುತ್ತದೆ. ನಾವು ಯೆರೆಮೀಯನ 31ನೆಯ ಅಧ್ಯಾಯವನ್ನು ತೆರೆದು ಮುಂದಿನ ಎರಡು ವಚನಗಳನ್ನೂ ಓದಿದೆವು: ಅಳುವನ್ನು ನಿಲ್ಲಿಸು, ನಿನ್ನ ಮಕ್ಕಳು ಶತ್ರುವಿನ ನಾಡಿನಿಂದ ಹಿಂತಿರುಗುವರು. ಮತ್ತಾಯನಿಗೆ ಆ ವಚನಗಳು ಗೊತ್ತಿದ್ದವೇ ಎಂದು ಒಬ್ಬ ಹುಡುಗ ಕೇಳಿದ. ಗೊತ್ತಿದ್ದವು ಎಂದೇ ನಾನು ನಂಬುತ್ತೇನೆ ಎಂದೆ.