ಪರದೇಶಕ್ಕೆ ಹೊರಟ ಗೆಳತಿಗೆ ಹೆಸರಿನ ಕೌದಿ

ಹೆಸರಿನ ಕೌದಿ ಎಂದರೆ ಗೆಳತಿಯರು ತಮ್ಮ ಹೆಸರು ಬರೆದ ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ. ಕೊಡಗಿನಲ್ಲಿ ಕೌದಿ ಕೆಲಸವನ್ನು ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬಟ್ಟೆ ಪೂರ್ತಿ ಒಣಗುವುದೇ ಅಪರೂಪ. ಅರೆಹಸಿ ಬಟ್ಟೆಯನ್ನು ಪದರದೊಳಗೆ ಸೇರಿಸಿ ಹೊಲಿದರೆ ಒಳಗಿನಿಂದಲೇ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಉಳಿದುಬಿಡುತ್ತದೆ. ಗೆಳತಿ ಆಗಸ್ಟ್‌ನಲ್ಲಿ ವಿಮಾನ ಹತ್ತುವವಳಾದರೆ ಏಪ್ರಿಲ್‌ನೊಳಗೆ ಮುಗಿಸಿ. ಕಾಫಿ ಕುಯ್ಲಿನ ದಿನಗಳಲ್ಲಿ ಕಣದ ಬಿಸಿಲು ಕಾಫಿಗೇ ಮೀಸಲು. ಬಟ್ಟೆಗೆ ಬೇರೆ ಹಗ್ಗ ನೋಡಿಕೊಳ್ಳಿ.

ಲೆಕ್ಕ ಹೀಗೆ: 12 ಇಂಚಿನ 20 ಚೌಕ, ಅಡ್ಡಕ್ಕೆ 4, ಉದ್ದಕ್ಕೆ 5. ಸುತ್ತ 3 ಇಂಚಿನ ಅಂಚು ಸೇರಿದರೆ 54×66 ಇಂಚಿನ ಕೌದಿ. ಪ್ರತಿ ಚೌಕಕ್ಕೂ ನಾಲ್ಕೂವರೆ ಇಂಚಿನ (ಹೊಲಿದ ಮೇಲೆ 4 ಇಂಚು) 9 ತುಂಡು, ನಡುವಿನದು ತಿಳಿ ಬಣ್ಣದ್ದು. ಹೆಸರು ಬೀಳುವುದು ಅದರ ಮೇಲೆ. 18 ಗೆಳತಿಯರಿಂದ ಹೆಸರು ಬರೆಸಿ, 2 ಚೌಕದ ನಡುವನ್ನು ಖಾಲಿ ಬಿಡಿ. ಅಲ್ಲಿ ಸಿಗುವವರಿಗೂ ಜಾಗ ಬೇಕಲ್ಲ.

ಗೆಳತಿಯರಿಂದ ಹೊಲಿದ ಚೌಕ ತರಿಸಬೇಡಿ, ಬಟ್ಟೆ ಮಾತ್ರ ತರಿಸಿ. ಕತ್ತರಿಸುವುದು ಒಂದೇ ಕೈ, ಹೊಲಿಯುವುದು ಒಂದೇ ಮೆಷಿನ್ ಆಗಿರಲಿ. ಹೊಲಿಗೆಯ ಅಂಚು, ಅಂದರೆ ಹೊಲಿಗೆಯಿಂದ ಬಟ್ಟೆಯ ತುದಿಯವರೆಗಿನ ಜಾಗ, ಎಲ್ಲೆಡೆ ಕಾಲು ಇಂಚು. ಅದು ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚಾದರೂ ಪ್ರತಿ ಹೊಲಿಗೆಗೆ ಎಂಟನೇ ಒಂದು ಪಾಲು, ಎರಡು ಹೊಲಿಗೆಯಿರುವ ಚೌಕಕ್ಕೆ ಕಾಲು ಇಂಚು ಕಡಿಮೆಯಾಗುತ್ತದೆ. ಐದು ಚೌಕದ ಸಾಲಿಗೆ ಅದೇ ಒಂದೂಕಾಲು ಇಂಚು. ಒಬ್ಬರ ಚೌಕ ಹೀಗೆ, ಇನ್ನೊಬ್ಬರದು ಹಾಗೆ ಬಂದರೆ ಮೂಲೆಗಳು ಕೂಡುವುದೇ ಇಲ್ಲ.

ಬಟ್ಟೆ ಹತ್ತಿಯದೇ ಇರಲಿ. ಕೊಡವರು ನಡುವಿಗೆ ಕಟ್ಟುವ ರೇಷ್ಮೆಯ ಚೇಲೆಯ ತುಂಡು ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಅಲ್ಲಿನ ಮೆಷಿನ್ ಒಗೆತಕ್ಕೆ ಅದು ತಡೆಯದು. ಹಳೆ ಸೀರೆಯಾದರೆ ಬೆಳಕಿಗೆ ಹಿಡಿದು, ಎರಡೂ ಕೈಯಲ್ಲಿ ಎಳೆದು ನೋಡಿ; ಹರಿಯುವಂತಿದ್ದರೆ ಬಿಟ್ಟುಬಿಡಿ. ಕೆಂಪು, ಕಡು ನೀಲಿಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ. ಬಣ್ಣ ಬಿಟ್ಟರೆ ಮತ್ತೆ ಒಗೆಯಿರಿ, ಆಗಲೂ ಬಿಟ್ಟರೆ ತೆಗೆದುಹಾಕಿ. ಉಪ್ಪು, ವಿನೆಗರ್ ನಂಬಬೇಡಿ. ಕತ್ತರಿಸುವ ಮುಂಚೆ ಎಲ್ಲವನ್ನೂ ಬಿಸಿನೀರಲ್ಲಿ ಒಗೆದು ಕುಗ್ಗಿಸಿಕೊಳ್ಳಬೇಕು.

ಹೆಸರಿಗೆ ಬಟ್ಟೆಯ ಮೇಲೆ ಬರೆಯುವ, ಒಗೆದರೂ ಹೋಗದ ಪೆನ್. ಕೆಳಗೆ ನಯವಾದ ಸ್ಯಾಂಡ್‌ಪೇಪರ್ ಇಟ್ಟರೆ ಬಟ್ಟೆ ಜಾರುವುದಿಲ್ಲ. ಅಂಚಿನಿಂದ ಅರ್ಧ ಇಂಚು ಬಿಟ್ಟು ಬರೆಸಿ, ಇಲ್ಲದಿದ್ದರೆ ಕೊನೆಯ ಅಕ್ಷರ ಹೊಲಿಗೆಯೊಳಗೆ ಹೋಗುತ್ತದೆ. ಒಣಗಿದ ಮೇಲೆ ಉಗಿ ಇಲ್ಲದ ಇಸ್ತ್ರಿ.

ಅಡಿಯ ಪದರ ಸುತ್ತಲೂ 4 ಇಂಚು ದೊಡ್ಡದಿರಬೇಕು, ಅಂದರೆ 62×74. ಐದೂವರೆ ಮೀಟರ್ ಹತ್ತಿ ಸೀರೆಯಿಂದ 74 ಇಂಚಿನ ಎರಡು ತುಂಡು ಜೋಡಿಸಿದರೆ ಸಾಕು. ಉಳಿದ 68 ಇಂಚಿನಲ್ಲಿ ಎರಡೂವರೆ ಇಂಚಿನ 4 ಪಟ್ಟಿ ಉದ್ದಕ್ಕೆ ತೆಗೆದರೆ ಸುತ್ತ ಮಡಚುವ ಅಂಚಿಗೂ ಆಯಿತು. ನಡುವೆ ಇನ್ನೊಂದು ಹಳೆ ಸೀರೆ, ಇಲ್ಲವೇ ತೆಳು ಹತ್ತಿ ಬ್ಯಾಟಿಂಗ್ (ಪದರಗಳ ನಡುವೆ ಹಾಕುವ ಹತ್ತಿಯ ಹಾಸು).

ಮೂರೂ ಪದರವನ್ನು 4 ಇಂಚಿಗೊಂದು ಕಚ್ಚಾ ಹೊಲಿಗೆಯಿಂದ ಹಿಡಿಸಿ, ನಡುವಿನಿಂದ ಹೊರಕ್ಕೆ ಹೊಲಿಯಿರಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಒಳಕ್ಕೆ ಹೊಲಿಯುತ್ತಾರಲ್ಲ ಎನ್ನಬಹುದು. ಅವರು ತುಂಡನ್ನು ಸೇರಿಸುತ್ತಲೇ ಹೊಲಿಯುತ್ತ ಹೋಗುತ್ತಾರೆ. ಇಲ್ಲಿ ಮೇಲಿನ ಪದರ ಮೊದಲೇ ಸಿದ್ಧವಾಗಿರುವುದರಿಂದ ಅಂಚಿನಿಂದ ಬಂದರೆ ಸಡಿಲವೆಲ್ಲ ನಡುವೆ ಗುಡ್ಡೆಯಾಗಿ ನೆರಿಗೆ ಬೀಳುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ.

ಜೊತೆಗೆ ಕಟ್ಟಿಕೊಡಲು ಬಟ್ಟೆ ತುಂಡುಗಳೂ ಇರಲಿ. ಅಮೆರಿಕ, ಆಸ್ಟ್ರೇಲಿಯಾದ ಊರುಗಳಲ್ಲಿ ಕೌದಿ ಹೊಲಿಯುವವರ ಗಿಲ್ಡ್‌ಗಳು, ಅಂದರೆ ಸಂಘಗಳು, ಇವೆ. ಅಲ್ಲಿನವರು ತಮ್ಮೊಳಗೆ ಬದಲಾಯಿಸಿಕೊಳ್ಳುವ 'ಫ್ಯಾಟ್ ಕ್ವಾರ್ಟರ್' ಎಂಬ ಬಟ್ಟೆ ತುಂಡು ಸುಮಾರು 18×22 ಇಂಚಿನದು. 44 ಇಂಚು ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ಅಂಥವು 4 ಬರುತ್ತವೆ. ಹೊಸ ಊರಲ್ಲಿ ಮಾತು ಶುರುಮಾಡಲು ಸಿಹಿ ಡಬ್ಬಿಗಿಂತ ಇದೇ ಮೇಲು.

ಮಡಿಕೆಗಳ ನಡುವೆ ಲಾವಂಚದ ಬೇರು, ಬೇವಿನೆಲೆ, ಲವಂಗ ಇಡಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ವಿಮಾನ ನಿಲ್ದಾಣಗಳಲ್ಲಿ ಗಿಡಮರದ ಪದಾರ್ಥಕ್ಕೆ ತಪಾಸಣೆ ಬಿಗಿ. ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾದೀತು. ಹಿಂಬದಿಯ ಮೂಲೆಗೆ ಒಂದು ಬಟ್ಟೆ ಚೀಟಿ ಹೊಲಿದು ಬರೆಯಿರಿ: ತಣ್ಣೀರು, ಮೆದು ಸೋಪು, ಡ್ರೈಯರ್ ಬೇಡ.