ಕಾಯಿಲೆ ಬಿದ್ದ ನಾಯಿ, ಬೆಕ್ಕಿನ ಹೊಟ್ಟೆ ನೋಡಿಕೊಳ್ಳುವುದು ಹೇಗೆ?

ನಾಯಿ ಎರಡು ಹೊತ್ತು ಅನ್ನ ಮುಟ್ಟಲಿಲ್ಲ ಎಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಮೊದಲು ನೆನಪಾಗುವುದು ಹಿತ್ತಲು. ಒಬ್ಬರು ನೆಲನೆಲ್ಲಿ ಕೀಳಲು ಹೊರಡುತ್ತಾರೆ, ಇನ್ನೊಬ್ಬರು ಎಳನೀರಿನ ಬೊಂಡ ಕೆತ್ತುತ್ತಾರೆ, ಅಜ್ಜಿ ಶುಂಠಿ ಜಜ್ಜುತ್ತಾರೆ. ಮನೆಮದ್ದಿಗೆ ಅದರದ್ದೇ ಜಾಗ ಇದೆ. ಆದರೆ ಒಂದು ಕಾಯಿಲೆಗೆ ಹಿತವಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಬೊಂಡವನ್ನೇ ನೋಡಿ. ಸಾಧಾರಣ ಭೇದಿಯಾದ ನಾಯಿಗೆ ನಾಲ್ಕು ಚಮಚ ಕೊಟ್ಟರೆ ತೊಂದರೆಯಿಲ್ಲ. ಕಿಡ್ನಿ ಕೆಟ್ಟು ಮೂತ್ರ ನಿಂತ ನಾಯಿಗೆ ಅದೇ ಬೊಂಡದ ಪೊಟ್ಯಾಶಿಯಂ ರಕ್ತದಲ್ಲಿ ಏರಿ ಹೃದಯವೇ ನಿಲ್ಲಬಹುದು. ಹಾಗಾಗಿ ಕಾಯಿಲೆ ಯಾವುದೆಂದು ಮೊದಲು ಗೊತ್ತಾಗಬೇಕು, ಮದ್ದು ಅರೆಯುವುದು ಆಮೇಲೆ.

ಮೊದಲು ಬಾಯಿ, ಚರ್ಮ, ಮೂತ್ರ ನೋಡಿ

ತುಟಿ ಎತ್ತಿ ವಸಡು ನೋಡಿ. ಆರೋಗ್ಯದ ವಸಡು ನಸುಗೆಂಪಾಗಿ, ಒದ್ದೆಯಾಗಿ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ, 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ ರಕ್ತದ ಓಟ ಕುಗ್ಗಿದೆ ಎಂದರ್ಥ. ಬೆರಳಿಗೆ ಅಂಟಂಟು ಅನಿಸಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಬಿಳಚಿದ್ದರೆ ರಕ್ತ ಕಡಿಮೆ, ಹಳದಿಯಾಗಿದ್ದರೆ ಕಾಮಾಲೆ. ಕಪ್ಪು ವಸಡಿನ ನಾಯಿಗಳೂ ಇವೆ. ಅವುಗಳ ಕೆಳರೆಪ್ಪೆಯ ಒಳಭಾಗ ನೋಡಿದರೆ ಸಾಕು.

ಇಲ್ಲೊಂದು ಎಚ್ಚರಿಕೆ. ನಾಯಿಯ ದವಡೆ ಜೋತು ಬಿದ್ದಿದ್ದರೆ, ಜೊಲ್ಲು ಸುರಿಯುತ್ತಾ ನೀರು ನುಂಗಲಾಗದೆ ಒದ್ದಾಡುತ್ತಿದ್ದರೆ, ಸ್ವಭಾವವೇ ಬದಲಾಗಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚುನಾಯಿ ರೋಗ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಕೈ ಹಾಕಿದವರ ಜೀವಕ್ಕೇ ಅದು ಮುಳುವಾಗುತ್ತದೆ.

ಹೆಗಲ ನಡುವಿನ ಚರ್ಮ ಎಳೆದು ಬಿಡಿ. ತಟ್ಟನೆ ಮೊದಲಿನಂತಾಗದಿದ್ದರೆ ನೀರಿನಂಶ ಇಳಿದಿದೆ. ಮುದಿಯಾದ, ಬಡಕಲಾದ ಪ್ರಾಣಿಗಳಲ್ಲಿ ಈ ಪರೀಕ್ಷೆ ಅಷ್ಟು ನಂಬುವಂಥದ್ದಲ್ಲ. ಮೈಯ ಬಿಸಿ ಗುದದ್ವಾರದಲ್ಲಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮಗಿಂತ ಅವುಗಳ ಮೈ ಯಾವಾಗಲೂ ಬಿಸಿಯೇ, ಆದ್ದರಿಂದ ಕಿವಿ ಮುಟ್ಟಿ ಜ್ವರ ಅಂದುಕೊಳ್ಳಬೇಡಿ. ಮಲಗಿ ನಿದ್ದೆ ಮಾಡುವಾಗ ಉಸಿರು ನಿಮಿಷಕ್ಕೆ 30ರೊಳಗೆ ಇರಬೇಕು.

ಇದೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಸಲ ವಾಂತಿ, ಮಲದ ಬಣ್ಣ ಏನು, ಕೊನೆಯ ಸಲ ಮೂತ್ರ ಯಾವಾಗ, ತೂಕ ಎಷ್ಟು. ವಾಂತಿ, ಮಲದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಮೃಗಾಸ್ಪತ್ರೆಯ ಡಾಕ್ಟರಿಗೆ ಕನ್ನಡ ಬಾರದೆ, ನಿಮಗೆ ಮಲಯಾಳಂ ಅರ್ಧಂಬರ್ಧ ಗೊತ್ತಿದ್ದರೂ ಅಂಕಿ ಮತ್ತು ಫೋಟೋ ತೋರಿಸಿದರೆ ಕೆಲಸ ಆಗುತ್ತದೆ.

ಅಡುಗೆಮನೆಗೆ ಹೋಗದೆ ಡಾಕ್ಟರಲ್ಲಿಗೆ ಓಡಬೇಕಾದದ್ದು

ಮರಿನಾಯಿಗೆ ವಾಂತಿ ಮತ್ತು ಕೆಟ್ಟ ನಾತದ ರಕ್ತಭೇದಿ ಆಗುತ್ತಿದ್ದರೆ ಪಾರ್ವೊ ಎಂಬ ವೈರಸ್ ಕಾಯಿಲೆ ಎಂದೇ ತಿಳಿಯಿರಿ. ಅದಕ್ಕೆ ಡ್ರಿಪ್ ಬೇಕು, ಕಷಾಯದಿಂದ ಆಗದು. ಡಾಂಬರಿನಂಥ ಕಪ್ಪು ಮಲ ಬಂದರೆ ಜಠರದಲ್ಲೋ ಸಣ್ಣ ಕರುಳಿನಲ್ಲೋ ರಕ್ತ ಸೋರುತ್ತಿರಬಹುದು. ದೊಡ್ಡ ನಾಯಿ ಹೊಟ್ಟೆ ಉಬ್ಬಿಸಿಕೊಂಡು ಓಕರಿಸುತ್ತದೆ, ಆದರೆ ಏನೂ ಹೊರಬರುವುದಿಲ್ಲ ಎಂದಾದರೆ ಜಠರ ತಿರುಚಿಕೊಂಡಿರಬಹುದು. ಅದಕ್ಕೆ ಗಂಟೆಗಳಷ್ಟೇ ಸಮಯ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿಯೂ ಮೂತ್ರ ಬರದಿದ್ದರೆ ಅದೂ ಹಾಗೆಯೇ. ಬೆಕ್ಕು ಇಡೀ ದಿನ ಏನೂ ತಿನ್ನದಿದ್ದರೆ ಮರುದಿನ ಬೆಳಿಗ್ಗೆಯೇ ತೋರಿಸಿ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಹರಿದು ಲಿವರೇ ಕೆಡುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಜಾಸ್ತಿ.

ಕಾಮಾಲೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯರಿಗೆ ಕಾಮಾಲೆ ಆದಾಗ ನಮ್ಮಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದುಂಟು. ಅದೇ ನೆನಪಲ್ಲಿ ನಾಯಿಗೂ ಕುಡಿಸುತ್ತಾರೆ. ಆದರೆ ನಮ್ಮ ಕಡೆಯ ನಾಯಿಯ ಕಣ್ಣು, ವಸಡು ಹಳದಿಯಾದರೆ ಮೊದಲು ಸಂಶಯಪಡಬೇಕಾದದ್ದು ಎರಡನ್ನು. ಒಂದು, ಉಣುಗಿನಿಂದ ಬರುವ ಜ್ವರ. ಬಬೇಸಿಯಾ ಎಂಬ ಜೀವಿ ರಕ್ತಕಣಗಳನ್ನೇ ಒಡೆಯುತ್ತದೆ. ಇನ್ನೊಂದು ಇಲಿಜ್ವರ. ಮಳೆಗಾಲದಲ್ಲಿ ಇಲಿ ಮೂತ್ರ ಸೇರಿದ ಗದ್ದೆ, ತೋಟದ ನೀರಿನಿಂದ ಬಂದು ಲಿವರು, ಕಿಡ್ನಿ ಎರಡನ್ನೂ ಹಿಡಿಯುತ್ತದೆ. ಎರಡಕ್ಕೂ ರಕ್ತಪರೀಕ್ಷೆ ಇದೆ, ಸರಿಯಾದ ಔಷಧಿಯೂ ಇದೆ. ನಾಲ್ಕು ದಿನ ನೆಲನೆಲ್ಲಿ ಕೊಟ್ಟು ಕಾದರೆ ಆ ಔಷಧಿಯ ಹೊತ್ತೇ ಮೀರಿಹೋಗುತ್ತದೆ. ಇಲಿಜ್ವರ ನಾಯಿಯ ಮೂತ್ರದಿಂದ ಮನೆಯವರಿಗೂ ಹರಡುತ್ತದೆ. ಕೈಗವಸು ಇಲ್ಲದೆ ಆ ಮೂತ್ರ ಒರೆಸಬೇಡಿ.

ನೀರು ಕುಡಿಸುವ ಕ್ರಮ

ಡಾಕ್ಟರು ನೋಡಿ, ಮನೆಯಲ್ಲಿ ಆರೈಕೆ ಮಾಡಿ ಎಂದ ಮೇಲಿನ ಮಾತು ಇದು. 10 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು ಅರ್ಧ ಲೀಟರು ನೀರು ಬೇಕು. ವಾಂತಿ, ಭೇದಿ ಇದ್ದರೆ ಇನ್ನೂ ಹೆಚ್ಚು. ಬಟ್ಟಲು ತುಂಬಾ ಒಮ್ಮೆಲೇ ಇಟ್ಟರೆ ಗಟಗಟ ಕುಡಿದು ಎಲ್ಲವನ್ನೂ ಕಕ್ಕುತ್ತದೆ. ಅರ್ಧ ಗಂಟೆಗೊಮ್ಮೆ ನಾಯಿಗೆ ಒಂದು ದೊಡ್ಡ ಚಮಚ, ಬೆಕ್ಕಿಗೆ ಒಂದು ಸಣ್ಣ ಚಮಚ ಕೊಡಿ. ಅದು ಹೊಟ್ಟೆಯಲ್ಲಿ ನಿಂತರೆ ನಿಧಾನವಾಗಿ ಹೆಚ್ಚಿಸಿ. ಮೆಡಿಕಲ್‌ನಲ್ಲಿ ಸಿಗುವ ಸಾದಾ ಓಆರ್‌ಎಸ್ ಪುಡಿಯನ್ನು ಹೇಳಿದಷ್ಟೇ ನೀರಿಗೆ ಬೆರೆಸಿ ಬಳಸಬಹುದು. ಬೊಂಡದಲ್ಲಿ ಸೋಡಿಯಂ ತೀರಾ ಕಡಿಮೆ, ಪೊಟ್ಯಾಶಿಯಂ ತುಂಬಾ ಜಾಸ್ತಿ. ಭೇದಿಯಲ್ಲಿ ಹೋದದ್ದನ್ನು ಅದೊಂದೇ ತುಂಬಿಕೊಡಲಾರದು. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದರೆ ಓಆರ್‌ಎಸ್‌ಗೂ ಡಾಕ್ಟರ ಒಪ್ಪಿಗೆ ಬೇಕು.

ದನಕ್ಕೆ ಗೊಟ್ಟದಲ್ಲಿ ಮದ್ದು ಹೊಯ್ಯುವಂತೆ ತಲೆ ಮೇಲೆತ್ತಿ ಗಂಟಲಿಗೆ ಸುರಿಯಬೇಡಿ. ಸುಸ್ತಾದ ಪ್ರಾಣಿ ನುಂಗಲಾರದು, ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಸೂಜಿ ತೆಗೆದ ಸಿರಿಂಜನ್ನು ಕೆನ್ನೆಯ ಪಕ್ಕದಲ್ಲಿಟ್ಟು, ತಲೆ ಸಹಜವಾಗಿರುವಾಗಲೇ ಸ್ವಲ್ಪ ಸ್ವಲ್ಪ ಬಿಡಿ. ಒಂದು ಗುಟುಕು ನುಂಗಿದ ಮೇಲೆ ಮುಂದಿನದು.

ಗಂಜಿ: ತೆಳಿ ಮಾತ್ರ ಸಾಲದು

ಕಾಯಿಲೆ ಬಿದ್ದವರಿಗೆ ಗಂಜಿತೆಳಿ ಕೊಡುವುದು ನಮ್ಮ ರೂಢಿ. ನಾಯಿಗೂ ಅದನ್ನೇ ಮೂರು ದಿನ ಕೊಡುತ್ತಾರೆ. ತೆಳಿಯಲ್ಲಿ ನೀರಿದೆ, ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಮಲಗಿದಲ್ಲೇ ಇರುವ 10 ಕೆ.ಜಿ. ನಾಯಿಗೂ ದಿನಕ್ಕೆ ಸುಮಾರು 400 ಕ್ಯಾಲೊರಿ ಬೇಕು, 4 ಕೆ.ಜಿ. ಬೆಕ್ಕಿಗೆ 200. ಅಡುಗೆ ಲೆಕ್ಕದಲ್ಲಿ ಹೇಳುವುದಾದರೆ 150 ಗ್ರಾಂ ಬೆಂದ ಅನ್ನ ಮತ್ತು 120 ಗ್ರಾಂ ಚರ್ಮ, ಎಲುಬು ತೆಗೆದು ಬೇಯಿಸಿದ ಕೋಳಿ ಎದೆಮಾಂಸ ಸೇರಿದರೆ ಆ ನಾಯಿಯ ಒಂದು ದಿನದ ಊಟ.

ಕುಚ್ಚಲಕ್ಕಿ ಆಗುತ್ತದೆ, ಆದರೆ ಬೆಳ್ತಿಗೆ ಬೇಗ ಕರಗುತ್ತದೆ. ಯಾವುದಾದರೂ ಸರಿ, ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಲಿ. ಉಪ್ಪು ಬೇಡ, ತೆಂಗಿನೆಣ್ಣೆ ಬೇಡ, ಒಗ್ಗರಣೆ ಬೇಡವೇ ಬೇಡ. ಕೊಬ್ಬು ಹೆಚ್ಚಾದರೆ ಮೇದೋಜೀರಕ ಗ್ರಂಥಿಯ ಉರಿ ಕೆರಳುತ್ತದೆ. ತೆಂಗಿನ ಹಾಲಿನ ಸಾರು, ಕೊಬ್ಬರಿ, ತುಪ್ಪ ಎಲ್ಲ ದೂರ ಇಡಿ. ಬದಿಯಡ್ಕ, ಪೆರ್ಲ ಕಡೆ ಮಾಂಸ ತಾರದ ಮನೆಗಳು ಎಷ್ಟೋ ಇವೆ. ಅಂಥವರು ನಾಯಿಗೆ ಕೆನೆ ತೆಗೆದ ಹಾಲಿನ ಪನೀರು, ಚೆನ್ನಾಗಿ ಬೆಂದ ಹೆಸರುಬೇಳೆ ಸೇರಿಸಬಹುದು. ಈ ಅನ್ನದ ಪಥ್ಯವನ್ನು ಒಂದು ವಾರಕ್ಕಿಂತ ಮುಂದುವರಿಸುವುದಾದರೆ ಡಾಕ್ಟರನ್ನು ಕೇಳಿ. ಇದರಲ್ಲಿ ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಕಡಿಮೆ.

ದಿನಗಟ್ಟಲೆ ಉಪವಾಸ ಇದ್ದ ಪ್ರಾಣಿಗೆ ಮೊದಲ ದಿನ ಮೂರರಲ್ಲಿ ಒಂದು ಪಾಲು, ಮರುದಿನ ಎರಡು ಪಾಲು, ಮೂರನೇ ದಿನ ಪೂರ್ತಿ. ದಿನಕ್ಕೆ ಐದಾರು ಸಲ ಹಂಚಿ ಕೊಡಿ. ಪಾರ್ವೊ ಮರಿಗೆ ವಾಂತಿ ನಿಲ್ಲುವ ತನಕ ಏನನ್ನೂ ಕೊಡದಿರುವುದು ಹಿಂದಿನ ಪದ್ಧತಿ. ಈಗ ವಾಂತಿಗೆ ಇಂಜೆಕ್ಷನ್ ಕೊಟ್ಟು, ಬೇಗನೆ ಸ್ವಲ್ಪ ಸ್ವಲ್ಪ ಆಹಾರ ಶುರು ಮಾಡುತ್ತಾರೆ. ಕರುಳಿನ ಒಳಪದರಕ್ಕೆ ಹೊಟ್ಟೆಗೆ ಬಂದ ಆಹಾರವೇ ಪೋಷಣೆ, ಅದಿಲ್ಲದಿದ್ದರೆ ಅದು ಸೊರಗುತ್ತದೆ.

ಬೆಕ್ಕಿನ ಲೆಕ್ಕವೇ ಬೇರೆ. ಅದು ಮಾಂಸಾಹಾರಿ. ಹಾಲನ್ನದಲ್ಲಿ ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದಿಲ್ಲ. ದೊಡ್ಡ ಬೆಕ್ಕಿಗೆ ಹಾಲು ಅರಗುವುದೂ ಕಷ್ಟ, ಭೇದಿ ಇನ್ನೂ ಹೆಚ್ಚುತ್ತದೆ. ಉಪ್ಪು, ಹುಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ನಂಗ್ ಮೀನು, ಅದರ ಬೇಯಿಸಿದ ನೀರು ಒಳ್ಳೆಯದು. ತಟ್ಟೆ ಅಗಲವಾಗಿರಲಿ, ಆಹಾರ ಉಗುರುಬೆಚ್ಚಗಿರಲಿ. ಬಿಸಿಗೆ ವಾಸನೆ ಏಳುತ್ತದೆ, ವಾಸನೆಯಿಂದಲೇ ಬೆಕ್ಕಿಗೆ ಹಸಿವು. ಬೆಕ್ಕು ತಟ್ಟೆಯ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು, ಎಂಜಲು ನುಂಗಿ ಮುಖ ತಿರುಗಿಸಿದರೆ ಅದಕ್ಕೆ ಹಸಿವಿದೆ, ಜೊತೆಗೆ ಓಕರಿಕೆಯೂ ಇದೆ. ಆಗ ತಟ್ಟೆ ತೆಗೆದುಬಿಡಿ, ವಾಂತಿಯ ಔಷಧಿ ಕೇಳಿ. ಒತ್ತಾಯ ಮಾಡಿದರೆ ಆ ಆಹಾರವನ್ನು ಅದು ಮುಂದೆ ಮುಟ್ಟುವುದೇ ಇಲ್ಲ. ಇದೇ ಕಾರಣಕ್ಕೆ ಕಹಿ ಔಷಧಿಯನ್ನು ಊಟದಲ್ಲಿ ಬೆರೆಸಬಾರದು.

ಯಾವ ಮನೆಮದ್ದು, ಎಷ್ಟು

ನನ್ನ ಮಟ್ಟಿಗೆ ಮೊದಲ ಸ್ಥಾನ ಚೀನಿಕಾಯಿಗೆ, ಅಂದರೆ ಸಿಹಿಗುಂಬಳಕ್ಕೆ. ಸಿಪ್ಪೆ, ಬೀಜ ತೆಗೆದು ಬೇಯಿಸಿ ಕಿವುಚಿ, 10 ಕೆ.ಜಿ. ನಾಯಿಗೆ ಒಂದೆರಡು ದೊಡ್ಡ ಚಮಚ, ಬೆಕ್ಕಿಗೆ ಒಂದು ಸಣ್ಣ ಚಮಚ ಊಟಕ್ಕೆ ಬೆರೆಸಿ. ಇದರ ನಾರು ತೆಳು ಮಲವನ್ನು ಗಟ್ಟಿ ಮಾಡುತ್ತದೆ, ಗಟ್ಟಿ ಮಲವನ್ನು ಮೆದು ಮಾಡುತ್ತದೆ. ಮಲಬದ್ಧತೆಗೆ ಇಸಬ್ಗೋಲ್ ಕೂಡ ಒಳ್ಳೆಯದೇ, ಆದರೆ ಚೆನ್ನಾಗಿ ನೀರು ಕುಡಿಯುವ ಪ್ರಾಣಿಗೆ ಮಾತ್ರ. ನೀರಿಲ್ಲದಿದ್ದರೆ ಅದೇ ಗಂಟಾಗಿ ಕೂರುತ್ತದೆ.

ಶುಂಠಿ ಓಕರಿಕೆ ತಗ್ಗಿಸುತ್ತದೆ. ನಾಯಿಗೆ ಕಾಲು ಚಮಚಕ್ಕಿಂತ ಕಡಿಮೆ ತುರಿದ ಶುಂಠಿ ಸಾಕು, ಬೆಕ್ಕಿಗೆ ಬೇಡ. ಉಣುಗು ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಆಗ ಶುಂಠಿಯನ್ನೂ ಅರಿಶಿನವನ್ನೂ ಮದ್ದಿನ ಪ್ರಮಾಣದಲ್ಲಿ ಕೊಡಬೇಡಿ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಹುದು. ಪಿತ್ತನಾಳ ಕಟ್ಟಿದ್ದರೂ ಅರಿಶಿನ ಬೇಡ. ನಾಯಿಗೆ ಒಂದೆರಡು ಚಮಚ ತಾಜಾ ಮೊಸರು ಪರವಾಗಿಲ್ಲ. ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ನಡೆಯುತ್ತಿದ್ದರೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ್ದರೆ ಮೊಸರಿಗೂ ಪ್ರೊಬಯಾಟಿಕ್ ಪುಡಿಗೂ ಡಾಕ್ಟರನ್ನು ಕೇಳಲೇಬೇಕು. ಅದರಲ್ಲಿರುವುದು ಜೀವಂತ ಸೂಕ್ಷ್ಮಾಣುಗಳು.

ಹುಳಕ್ಕೆ ಅಡಿಕೆ ಕೊಡುವ ಪದ್ಧತಿ ಸುಮ್ನೆ ಹುಟ್ಟಿದ್ದಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನು ಹಿಂದೆ ಡಾಕ್ಟರುಗಳೇ ನಾಯಿಯ ಲಾಡಿಹುಳಕ್ಕೆ ಬಳಸುತ್ತಿದ್ದರು. ಅದು ಕರುಳನ್ನು ಹಿಂಡಿ ಹುಳವನ್ನು ಹೊರಗೆ ತಳ್ಳುತ್ತದೆ, ಜೊತೆಗೆ ಜೊಲ್ಲು, ವಾಂತಿ, ಭೇದಿಯೂ ಆಗುತ್ತದೆ. ಈಗ ಅದಕ್ಕಿಂತ ಸುರಕ್ಷಿತ ಮಾತ್ರೆಗಳಿವೆ. ಸೊರಗಿದ ನಾಯಿಗೆ ಅಡಿಕೆ ಕೊಡುವುದು ಅದರ ಮೈಯ ಉಳಿದ ನೀರನ್ನೂ ಹಿಂಡಿದ ಹಾಗೆ. ಲೋಳೆಸರದ ಹಳದಿ ಹಾಲೂ ಹಾಗೆಯೇ ಭೇದಿ ಮಾಡಿಸುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕು ಎರಡರ ರಕ್ತಕಣವನ್ನೂ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ನಾಯಿಯ ಕಿಡ್ನಿ ಕೆಡುತ್ತದೆ. ಅದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕೆಂಬ ವಿವರಣೆ ಈಚೆಗೆ ಬಂದಿದೆ, ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ತೊಂದರೆ ಕಂಡಿದೆ. ಸಾರನ್ನ ಹಾಕುವ ಮನೆಗಳು ಇದನ್ನು ನೆನಪಿಡಬೇಕು. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾವು ತರಬಹುದು. ಕರ್ಪೂರ, ನೀಲಗಿರಿ ಎಣ್ಣೆ ಹಚ್ಚುವುದೂ ಬೇಡ, ನೆಕ್ಕಿಕೊಂಡದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಆರೋಗ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ವಾಂತಿ ಮಾಡಿದರೆ ತೋಟವನ್ನೂ ನೆನಪಿಸಿಕೊಳ್ಳಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ ನೆಕ್ಕಿತೇ, ಗೊಬ್ಬರಕ್ಕೆ ತಂದ ಹರಳು ಹಿಂಡಿ ತಿಂದಿತೇ? ಹರಳು ಹಿಂಡಿಯ ರಿಸಿನ್ ವಿಷಕ್ಕೆ ಪ್ರತಿಮದ್ದಿಲ್ಲ, ಬೇಗ ಆಸ್ಪತ್ರೆ ಸೇರಿದರೆ ಮಾತ್ರ ಉಳಿಯುವ ಆಸೆ.

ವಾಸಿಯಾಗದ ಕಾಯಿಲೆಯಾದರೆ

ಕ್ಯಾನ್ಸರ್, ಕೊನೆಯ ಹಂತದ ಕಿಡ್ನಿ ಕಾಯಿಲೆ ಇದ್ದಾಗ ಆರೈಕೆಯ ಗುರಿ ಬದಲಾಗುತ್ತದೆ. ಓಕರಿಕೆ, ನೋವು, ಮಲಬದ್ಧತೆ ಈ ಮೂರನ್ನು ತಗ್ಗಿಸಿದರೆ ಎಷ್ಟೋ ಪ್ರಾಣಿಗಳು ತಾವಾಗಿಯೇ ನಾಲ್ಕು ತುತ್ತು ತಿನ್ನುತ್ತವೆ. ವಾಂತಿ ನಿಲ್ಲಿಸುವ, ಹಸಿವು ಹುಟ್ಟಿಸುವ ಔಷಧಿಗಳಿವೆ, ಮೂಗಿನ ಮೂಲಕ ಆಹಾರ ಕೊಡುವ ಕೊಳವೆಯೂ ಇದೆ. ಇವೆಲ್ಲ ನಮ್ಮ ಪ್ರಾಣಿಗೆ ಬೇಕೇ ಎಂದು ನೇರವಾಗಿ ಕೇಳಿ. ಕಿಡ್ನಿ ಬೆಕ್ಕಿಗೆ ರಂಜಕ ಕಡಿಮೆ ಇರುವ ಆಹಾರ ಆಯುಷ್ಯ ಹೆಚ್ಚಿಸುತ್ತದೆ. ಆದರೆ ಅದನ್ನು ಮೂಸಿಯೂ ನೋಡದಿದ್ದರೆ, ಇಷ್ಟದ ಮೀನು ತಿಂದು ಹೊಟ್ಟೆ ತುಂಬಿಸಿಕೊಳ್ಳುವುದೇ ಮೇಲು. ವಾರಕ್ಕೊಮ್ಮೆ ತೂಕ ನೋಡಿ. 4 ಕೆ.ಜಿ. ಬೆಕ್ಕು 400 ಗ್ರಾಂ ಇಳಿದರೆ ಅದು ಮೈಯ ಹತ್ತರಲ್ಲೊಂದು ಪಾಲು. ಪುಸ್ತಕದಲ್ಲಿ ತಿಂದ ದಿನಕ್ಕಿಂತ ತಿನ್ನದ ದಿನಗಳು ಜಾಸ್ತಿಯಾಗುತ್ತಾ ಬಂದರೆ, ಔಷಧಿಗೂ ನೋವು ತಗ್ಗದಿದ್ದರೆ, ದಯಾಮರಣದ ಮಾತನ್ನು ಡಾಕ್ಟರು ಎತ್ತಲಿ ಎಂದು ಕಾಯುವುದು ಬೇಡ. ಪುಸ್ತಕ ಮುಂದಿಟ್ಟು ನೀವೇ ಕೇಳಿ.